ಮೂರು ತಿಂಗಳು ಊರಿಗೆ ಹೋಗ್ತಿದ್ದೀವಿ, ಮೈನಸ್ 30ರ ಚಳಿಯಲ್ಲಿ ಕಾರು-ಬೈಕಿನ ಬ್ಯಾಟರಿ ಏನು ಮಾಡೋದು?

ವಿನ್ನಿಪೆಗ್ ಮೈಸೂರಿಗ:

ನಮಸ್ಕಾರ. ಗಾಡಿ ವಿಷಯ ತಿಳಿದವರು ಯಾರಾದ್ರೂ ಹೇಳಿ. ತಂಗಿ ಮದುವೆ ಅಂತ ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ನಾವು ಮೈಸೂರಲ್ಲಿರ್ತೀವಿ. ಅಷ್ಟು ದಿನ ಇಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಕಾರು ಅಪಾರ್ಟ್‌ಮೆಂಟ್ ಹಿಂದಿನ ಬಯಲು ಪಾರ್ಕಿಂಗಲ್ಲೇ ನಿಂತಿರಬೇಕು. ಗ್ಯಾರೇಜ್ ಇಲ್ಲ. ಜನವರಿ ರಾತ್ರಿ ಮೈನಸ್ 30 ಇಲ್ಲಿ ಯಾರಿಗೂ ಸುದ್ದಿಯೇ ಅಲ್ಲ. ಪಾರ್ಕಿಂಗಲ್ಲಿ ಪ್ರತಿ ಕಾರಿಗೂ ಒಂದು ಕಂಬ, ಅದರಲ್ಲಿ ಪ್ಲಗ್ ಇದೆ. ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್‌ಗೆ ಅಂತ ಕೊಟ್ಟಿರೋದು.

ಕಾರು 2016ರ ಪೆಟ್ರೋಲ್ ಸೆಡಾನ್. ಮಾಮೂಲಿ ಆಸಿಡ್ ಬ್ಯಾಟರಿ, 60 ಎ.ಎಚ್. (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ), ಮೂರು ವರ್ಷ ಹಳೇದು. ಇದಲ್ಲದೆ ಒಂದು ಬೈಕ್ ಇದೆ, ಸ್ನೇಹಿತನ ಶೆಡ್ಡಲ್ಲಿ ಇಟ್ಟಿದ್ದೀನಿ. ಅದಕ್ಕೆ ಹಿಂದಿನ ಓನರ್ ಲಿಥಿಯಂ ಬ್ಯಾಟರಿ ಹಾಕಿಸಿದ್ದಾನೆ.

ಕೇಳಿದವರೆಲ್ಲ ಒಂದೊಂದು ಹೇಳ್ತಾರೆ. ಬಿಚ್ಚಿ ಮನೆಯೊಳಗೆ ತಂದಿಡು ಅಂತ ಒಬ್ಬರು. ಸಿಮೆಂಟ್ ನೆಲದ ಮೇಲೆ ಇಟ್ರೆ ಚಾರ್ಜ್ ಇಳಿಯತ್ತೆ ಅಂತ ಇನ್ನೊಬ್ಬರು. ವಾರಕ್ಕೊಂದ್ಸಲ ಯಾರಿಗಾದ್ರೂ ಹೇಳಿ ಹತ್ತು ನಿಮಿಷ ಸ್ಟಾರ್ಟ್ ಮಾಡಿಸು ಅಂತ ಮತ್ತೊಬ್ಬರು. ಮನೇಲಿ ನಾಲ್ಕು ವರ್ಷದ ಮಗು ಇದೆ, ಆಸಿಡ್ ತುಂಬಿದ ಡಬ್ಬ ಒಳಗೆ ತರೋಕೆ ಹೆಂಡತಿ ಸುತಾರಾಂ ಒಪ್ಪಲ್ಲ. ನಿಮ್ಮ ಅನುಭವ ಏನು?

ಜಯನಗರ ಫೋರ್ತ್ ಬ್ಲಾಕ್:

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಸರ್. 2020ರ ಲಾಕ್‌ಡೌನಲ್ಲಿ ನಮ್ಮ ಕಾರು ತಿಂಗಳುಗಟ್ಟಲೆ ನಿಂತಿತ್ತು. ವಾರಕ್ಕೊಮ್ಮೆ ಕೆಳಗಿಳಿದು ಹತ್ತು ನಿಮಿಷ ಎಂಜಿನ್ ಓಡಿಸ್ತಿದ್ದೆ, ಅಷ್ಟೆ. ಇವತ್ತಿಗೂ ಅದೇ ಬ್ಯಾಟರಿ. ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿ.

ಹವಾಲ್ದಾರ್ ಗದಗ:

ತಮ್ಮಾ, ಜಯನಗರದ ಸಾಹೇಬ್ರು ಹೇಳಿದ್ದು ಜಯನಗರಕ್ಕ ಸರಿ ಐತಿ. ನಿಮ್ಮ ಊರಿಗೆ ಬರಂಗಿಲ್ಲ. ನಾನು ಫೌಜಿನಾಗ ಇ.ಎಂ.ಇ. ಒಳಗ, ಅಂದ್ರ ಗಾಡಿ-ಯಂತ್ರ ರಿಪೇರಿ ಮಾಡೋ ವಿಭಾಗದಾಗ, ವೆಹಿಕಲ್ ಮೆಕ್ಯಾನಿಕ್ ಇದ್ದಾಂವ. ಲೇಹ್ ಕಡೆ, ದ್ರಾಸ್ ಕಡೆ ಚಳಿಗಾಲ ಕಳದೇನಿ. ಈಗ ಪೆನ್ಶನ್ ತಗೊಂಡು ಗದಗದಾಗ ಕುಂತೀನಿ. ಇಲ್ಲಿ ಯಾರೂ ಚಳಿ ಬಗ್ಗೆ ಕೇಳಂಗಿಲ್ಲ. ನೀ ಕೇಳಿದಿ ಅಂತ ಸಂತೋಷ ಆತು, ಅದಕ್ಕ ಸ್ವಲ್ಪ ಉದ್ದಾನೇ ಬರೀತೀನಿ.

ಮೊದಲನೇ ಮಾತು: ತುಂಬಿದ ಬ್ಯಾಟರಿಗೆ ಚಳಿ ಏನೂ ಮಾಡಂಗಿಲ್ಲ. ಬೇಕಾದ್ರ ಹಿಮದಾಗ ಹುಗದಿಡು. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ ಒಳಗಿನ ಆಸಿಡ್ ಹೆಪ್ಪುಗಟ್ಟಬೇಕಂದ್ರ ಮೈನಸ್ 55ರಕಿಂತಾನೂ ಕೆಳಗ ಇಳೀಬೇಕು. ಅರ್ಧ ಇಳದಿದ್ರ ಮೈನಸ್ 25ರ ಆಸುಪಾಸು ಗಟ್ಟಿ ಆಗತೈತಿ. ಪೂರಾ ಖಾಲಿ ಇದ್ರ ಮೈನಸ್ 10 ಸಾಕು. ಯಾಕಂದ್ರ ಬ್ಯಾಟರಿ ಖಾಲಿ ಆದಂಗೆಲ್ಲಾ ಆಸಿಡ್ ಹೋಗಿ ಸೀಸದ ಪ್ಲೇಟಿಗೆ ಹತ್ತತೈತಿ, ಡಬ್ಬಿಯೊಳಗ ಉಳಿಯೋದು ಹೆಚ್ಚು-ಕಡಿಮಿ ನೀರು. ಫ್ರೀಜರಿನಾಗ ನೀರಿನ ಬಾಟ್ಲಿ ಒಡೀತೈತಲ್ಲ, ಹಂಗ ಡಬ್ಬಿ ಸೀಳತೈತಿ, ಒಳಗ ಪ್ಲೇಟೂ ಸೊಟ್ಟ ಆಗತಾವು. ಲೇಹ್‌ನಾಗ ಒಡದ ಬ್ಯಾಟರಿ ಯಾವುದು ನೋಡಿದ್ರೂ ಮೊದಲ ಖಾಲಿ ಆಗಿ ಆಮ್ಯಾಲ ಒಡದದ್ದು. ಅದಕ್ಕ ನಿನ್ನ ಪ್ರಶ್ನೆ “ಬೆಚ್ಚಗ ಹೆಂಗ ಇಡೋದು” ಅಂತ ಆಗಬಾರದು. ತುಂಬಿಸೋದು ಹೆಂಗ, ತುಂಬಿದ್ದು ಇಳೀದಂಗ ನೋಡ್ಕೊಳ್ಳೋದು ಹೆಂಗ ಅಂತ ಕೇಳು.

ಇಳಿಸೋದು ಯಾರು? ನಿನ್ನ ಕಾರೇ. ಕೀ ತಗದು ಲಾಕ್ ಮಾಡಿ ಹೋದ್ರೂ ಅಲಾರಂ, ಗಡಿಯಾರ, ರಿಮೋಟಿನ ಸಿಗ್ನಲ್ ಕಾಯೋ ಡಬ್ಬಿ, ಕಂಪ್ಯೂಟರು, ಎಲ್ಲಾ ಸೇರಿ 20ರಿಂದ 50 ಮಿಲಿ ಆಂಪಿಯರ್ ಕುಡೀತಾನೇ ಇರತಾವು. 50 ಅಂತ ಹಿಡಿ. ದಿನಕ್ಕ 1.2 ಎ.ಎಚ್. ಆತು. 60 ಎ.ಎಚ್. ಬ್ಯಾಟರಿ 50 ದಿನಕ್ಕ ಪೂರಾ ಖಲಾಸ್, ಅದೂ ಹೊಸಾದು ಇದ್ರ. ಜನವರಿ ಕಡೀಗೆ ನಿನ್ನ ಬ್ಯಾಟರಿ ಬರೇ ನೀರು, ಹೊರಗ ಮೈನಸ್ 30. ಮುಂದಿಂದು ನೀನಾ ತಿಳ್ಕೋ.

ಬಿಚ್ಚಿಟ್ಟ ಬ್ಯಾಟರಿ ಹಂಗಲ್ಲ. ಅದು ತನ್ನಷ್ಟಕ್ಕ ತಾನು ಇಳಿಯೋದು ಮನಿ ಬೆಚ್ಚಗಿದ್ರ ತಿಂಗಳಿಗೆ ನೂರಕ್ಕ ನಾಕೈದು, ಚಳಿಯೊಳಗ ಇಟ್ರ ಅದರಕಿಂತಾ ಭಾಳ ಕಡಿಮಿ. ಪ್ರತಿ 10 ಡಿಗ್ರಿ ಏರಿದ್ರ ಹತ್ತಿರ ಹತ್ತಿರ ಡಬಲ್ ಆಗತೈತಿ. ಹಂಗ ನೋಡಿದ್ರ ನಮ್ಮ ಕಲಬುರಗಿ, ರಾಯಚೂರು ಬಿಸಲು ತಿಂದಷ್ಟು ಬ್ಯಾಟರಿ ಲಡಾಖದ ಚಳಿ ತಿಂದಿಲ್ಲ. ಬಿಸಲಾಗ ಹಾಳಾದ ಬ್ಯಾಟರಿ ಚಳಿಯೊಳಗ ಕೈ ಕೊಟ್ಟಾಗ ಬೈಸ್ಕೊಳ್ಳೋದು ಚಳಿ.

ಇನ್ನ ಹತ್ತು ನಿಮಿಷದ ಮಾತು. ಕಾರು ವಾರದಾಗ 8 ಎ.ಎಚ್. ಕುಡದಿರತೈತಿ. ಅದನ್ನ ಹತ್ತು ನಿಮಿಷದಾಗ ತುಂಬಿಸಬೇಕಂದ್ರ 50 ಆಂಪಿಯರ್ ಒಳಗ ಹೋಗಬೇಕು. ಮೈನಸ್ 25ರಾಗ ತಣ್ಣಗ ಗಟ್ಟಿಯಾದ ಬ್ಯಾಟರಿ ಅಷ್ಟು ತಗೊಳ್ಳಂಗೇ ಇಲ್ಲ, ನೀ ಎಷ್ಟೇ ಕೊಡು. ಮ್ಯಾಲ ಹೆಡ್‌ಲೈಟು, ಬ್ಲೋವರು, ಹಿಂದಿನ ಗಾಜಿನ ಹೀಟರು ಅಂತ ಖರ್ಚು ಬ್ಯಾರೆ. ಎಂಜಿನ್ ಪೂರ್ತಿ ಕಾಯದ ಕಾರಣ ನೀರಿನ ಹಬೆ ಸೈಲೆನ್ಸರಿನಾಗ, ಆಯಿಲಿನಾಗ ಕೂಡತೈತಿ. ಪಕ್ಕದ ಮನಿಯವ್ರಿಗೆ ಕೀ ಕೊಡೂದಾದ್ರ ಅರ್ಧ ತಾಸರೆ ಹೈವೇಕ್ಕ ಒಯ್ದು ಬಾ ಅಂತ ಹೇಳು. ಇಲ್ಲಾಂದ್ರ ಮುಟ್ಟಬ್ಯಾಡ ಅನ್ನು.

ನಾ ಹೇಳೋದು ಇಷ್ಟ. ಊರಿಗೆ ಹೊರಡೋ ಹಿಂದಿನ ವಾರ ಬ್ಯಾಟರಿ ಬಿಚ್ಚಿ ಬೆಚ್ಚಗಿನ ಜಾಗಾದಾಗ ತಂದು ಒಂದು ರಾತ್ರಿ ಹಂಗ ಬಿಡು. ಆಮ್ಯಾಲ ಚಾರ್ಜಿಗೆ ಹಾಕು. ತಣ್ಣನ್ನ ಬ್ಯಾಟರಿಗೆ ಚಾರ್ಜರ್ ಹಚ್ಚಿದ್ರ “ಫುಲ್” ಅಂತ ಬೇಗ ಲೈಟು ಹತ್ತತೈತಿ, ಒಳಗ ಫುಲ್ ಆಗಿರಂಗಿಲ್ಲ. ಚಾರ್ಜ್ ಮುಗಿದ ಮ್ಯಾಲ ಮತ್ತ ಒಂದು ದಿನ ಬಿಟ್ಟು ಮೀಟರ್ ಹಿಡಿ. 12.6, 12.7 ವೋಲ್ಟ್ ಇತ್ತಂದ್ರ ನಿಶ್ಚಿಂತಿ. ಬಿಚ್ಚುವಾಗ ಮೈನಸ್ ಮೊದಲ, ಹಚ್ಚುವಾಗ ಮೈನಸ್ ಕಡೀಗೆ. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದ್ರೂ ಕಿಡಿ ಹಾರಬಾರದು, ಅದಕ್ಕ.

ಎಡ್ಮಂಟನ್ ಅಕ್ಕ:

ಹವಾಲ್ದಾರ್ರು ಹೇಳಿದ್ದು ನೂರಕ್ಕೆ ನೂರು. ನಾನೂ ಇಲ್ಲಿ ಬಯಲಲ್ಲೇ ಕಾರು ನಿಲ್ಲಿಸುವವಳು. ಬಿಚ್ಚುವ ರಗಳೆ ಬೇಡ ಎಂದಾದರೆ ಇನ್ನೊಂದು ದಾರಿ ಉಂಟು. ಪ್ಲಗ್ ಕಂಬ ಹೇಗೂ ಇದೆಯಲ್ಲ? ಬಾನೆಟ್ ಒಳಗೆ ಒಂದು ಸಣ್ಣ ಮೇಂಟೇನರ್ ಕೂರಿಸಿಕೊಳ್ಳಿ, ಒಂದೆರಡು ಆಂಪಿಯರಿನದ್ದು, ಹೊರಗಿನ ಚಳಿ-ನೀರು ತಡೆಯುವಂಥದ್ದು. ತುಂಬಿದ ಮೇಲೆ ತಾನೇ ವೋಲ್ಟೇಜ್ ಇಳಿಸಿಕೊಂಡು 13.5ರ ಹತ್ತಿರ ಹಿಡಿದು ಕೂತುಕೊಳ್ಳುತ್ತದೆ. ಕಾರು ಕುಡಿದಷ್ಟನ್ನು ಅದು ಕೊಡುತ್ತಾ ಇರುತ್ತದೆ.

ಎರಡು ವಿಷಯ ಮಾತ್ರ ಮೊದಲೇ ವಿಚಾರಿಸಿ. ಕೆಲವು ಪಾರ್ಕಿಂಗ್‌ಗಳಲ್ಲಿ ಆ ಪ್ಲಗ್‌ಗೆ ದಿನವಿಡೀ ಕರೆಂಟ್ ಬರುವುದಿಲ್ಲ. ವಿದ್ಯುತ್ ಉಳಿಸಲಿಕ್ಕೆ ಸ್ವಲ್ಪ ಹೊತ್ತು ಆನ್, ಸ್ವಲ್ಪ ಹೊತ್ತು ಆಫ್ ಮಾಡುತ್ತಾರೆ; ಹೊರಗೆ ಚಳಿ ಕಮ್ಮಿಯಿದ್ದರೆ ಪೂರ್ತಿ ಬಂದ್ ಮಾಡುವುದೂ ಉಂಟು. ಮೇಂಟೇನರ್‌ಗೆ ಅಷ್ಟು ಸಾಕು, ಆದರೆ ಕರೆಂಟ್ ಹೋಗಿ ಬಂದಾಗ ತಾನೇ ಶುರುವಾಗುವಂಥದ್ದನ್ನೇ ತೆಗೆದುಕೊಳ್ಳಿ. ಕೆಲವದರಲ್ಲಿ ಪ್ರತಿ ಸಲ ಬಟನ್ ಒತ್ತಬೇಕು ಮಾರಾಯ್ರೆ, ನೀವು ಮೈಸೂರಲ್ಲಿ ಕೂತು ಒತ್ತಲಿಕ್ಕೆ ಆಗುತ್ತದಾ? ಇನ್ನೊಂದು, ನೀವಿಲ್ಲದಾಗ ಹಿಮ ಎತ್ತುವ ಗಾಡಿ ಬಂದು ವೈರ್ ಎಳೆದುಕೊಂಡು ಹೋಗದ ಹಾಗೆ ಕಟ್ಟಿಡಿ. ಆಫೀಸಿನವರಿಗೂ ಒಂದು ಮಾತು ಹೇಳಿ ಹೋಗಿ. ಎಷ್ಟೋ ಕಡೆ ತಿಂಗಳುಗಟ್ಟಲೆ ಅಲುಗದ ಕಾರನ್ನು ಎತ್ತಿಸಿಬಿಡುತ್ತಾರೆ.

ಆ ಬ್ಲಾಕ್ ಹೀಟರ್ ಮೂರು ತಿಂಗಳು ಹಾಕಿಡುವುದಕ್ಕೆ ಅರ್ಥವಿಲ್ಲ. ಸ್ಟಾರ್ಟ್ ಮಾಡುವ ಮೊದಲು ಮೂರು ನಾಲ್ಕು ಗಂಟೆ ಹಾಕಿದರೆ ಧಾರಾಳ ಆಯಿತು.

ಬ್ಯಾಟರಿ ಅಂಗಡಿ ಹಾಸನ:

ಸಿಮೆಂಟ್ ನೆಲದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ನಮ್ಮದು ಅಪ್ಪನ ಕಾಲದ ಅಂಗಡಿ. ಅಪ್ಪ ಮರದ ಹಲಗೆ ಹಾಕಿ ಅದರ ಮೇಲೇ ಬ್ಯಾಟರಿ ಇಡಿಸ್ತಿದ್ರು. ಅವರ ಕಾಲದ ಡಬ್ಬ ಗಟ್ಟಿ ರಬ್ಬರಿನದು, ಒದ್ದೆ ನೆಲ ತಾಗಿದ್ರೆ ಆಸಿಡ್ ಒಸರಿದ ಜಾಗದಲ್ಲಿ ಕರೆಂಟ್ ಹರಿದು ಇಳೀತಿತ್ತು. ಈಗಿನದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ನೆಲದಿಂದ ಏನೂ ಆಗಲ್ಲ. ಆದ್ರೆ ಡಬ್ಬದ ಮೇಲ್ಭಾಗ ಕೊಳೆ, ಆಸಿಡ್ ಪಸೆ ಇದ್ರೆ ಪ್ಲಸ್ಸಿಂದ ಮೈನಸ್ಸಿಗೆ ಅದರ ಮೇಲೇ ಸ್ವಲ್ಪ ಸ್ವಲ್ಪ ಸೋರುತ್ತೆ. ಅಡುಗೆ ಸೋಡಾ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ. ಸೋಡಾ ನೀರು ಮುಚ್ಚಳದ ಒಳಗೆ ಹೋಗಬಾರದು, ಹೋದ್ರೆ ಒಳಗಿನ ಆಸಿಡ್ ಕೆಡುತ್ತೆ.

ನಾನಾದ್ರೂ ಅಪ್ಪನ ಹಲಗೆ ತೆಗೆದಿಲ್ಲ, ಇರ್ಲಿ ಅಂತ.

ವಿನ್ನಿಪೆಗ್ ಮೈಸೂರಿಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮೀಟರ್ ಹಿಡಿದೆ. ರಾತ್ರಿಯಿಡೀ ನಿಂತಿದ್ದ ಕಾರಲ್ಲಿ ಬೆಳಿಗ್ಗೆ 12.38 ವೋಲ್ಟ್. ಆಫೀಸಿಗೆ ಹತ್ತು ನಿಮಿಷದ ದಾರಿ, ಅಷ್ಟೇ ಓಡೋದು. ಸ್ನೇಹಿತನ ಹತ್ರ ಆಸಿಡ್ಡಿನ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಕೂಡ ಇತ್ತು, ಹೊರಗೇ ನಿಂತು ಹಿಡಿದಾಗ ಎಲ್ಲ ಸೆಲ್ಲಲ್ಲೂ 1.240ರ ಹತ್ತಿರ ತೋರಿಸ್ತು. ಅದು ಪರವಾಗಿಲ್ಲ ಅನ್ನೋ ಲೆಕ್ಕ ಅಲ್ವಾ? ಪಾರ್ಕಿಂಗ್ ಪ್ಲಗ್ಗಿಗೆ ಬೇರೇನೂ ಹಾಕುವಂತಿಲ್ಲ, ಬ್ಲಾಕ್ ಹೀಟರ್ ಮಾತ್ರ ಅಂದ್ರು ಮ್ಯಾನೇಜರ್. ಹಾಗಾಗಿ ಬಿಚ್ಚೋದೇ ಸರಿ. ಕೆಳಗೆ ಬೇಸ್‌ಮೆಂಟಲ್ಲಿ ನಮಗೊಂದು ಜಾಲರಿ ಲಾಕರ್ ಇದೆ, ಅಲ್ಲಿ ಇಡಬಹುದಾ? ಹಾಗೇ ಲಿಥಿಯಂ ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ.

ಹವಾಲ್ದಾರ್ ಗದಗ:

1.240 ನೋಡಿ ಖುಷಿ ಪಡಬ್ಯಾಡ. ಹೈಡ್ರೋಮೀಟರಿನ ಅಂಕಿ ಬೆಚ್ಚಗಿನ ಆಸಿಡಿಗೆ ಬರದದ್ದು, ನಮ್ಮಲ್ಲಿ ಅದು 27 ಡಿಗ್ರಿ. ಅದರಕಿಂತಾ ಪ್ರತಿ 10 ಡಿಗ್ರಿ ಕೆಳಗಿದ್ರ 0.007 ಕಳೀಬೇಕು. ನೀ ಹಿಡದಾಗ ಆಸಿಡ್ ಮೈನಸ್ 13 ಇತ್ತಂತ ಹಿಡಿ, 40 ಡಿಗ್ರಿ ಫರಕು, 0.028 ಕಳಿ. ಖರೇ ಲೆಕ್ಕ 1.212. ಮೀಟರಿನ 12.38 ಹೇಳೋದೂ ಅದನ್ನ, ನೂರಕ್ಕ ಎಪ್ಪತ್ತು ಚಿಲ್ಲರ. ಎರಡೂ ಕೂಡಿ ಬಂತು ನೋಡು. ಲೇಹ್‌ಗೆ ಹೊಸದಾಗಿ ಬಂದ ಹುಡುಗೂರು ಮುಂಜಾನೆ ಚಳಿಯೊಳಗ ಹೈಡ್ರೋಮೀಟರ್ ಹಿಡದು “ಉಸ್ತಾದ್, ಎಲ್ಲಾ ಠೀಕ್” ಅನ್ನೋರು. ಚಳಿಗೆ ಆಸಿಡ್ ದಪ್ಪ ಆಗತೈತಿ, ತೇಲೋ ಬುರುಡೆ ಮ್ಯಾಲ ಏಳತೈತಿ. ಮಧ್ಯಾಹ್ನ ಬುಖಾರಿ (ಖೋಲಿ ಕಾಯಿಸೋ ಒಲಿ) ಹಚ್ಚಿದ ಖೋಲಿಯೊಳಗ ತಂದು ಹಿಡದ್ರ ಅದೇ ಬ್ಯಾಟರಿ ಬಣ್ಣ ಬಿಡತಿತ್ತು.

ಇನ್ನೊಂದು ಈ ಹುಡುಗೂರಿಗೆ ಹೇಳಿ ಹೇಳಿ ಸಾಕಾಗಿತ್ತು, ನಿನಗೂ ಹೇಳತೀನಿ. ಡಿಸ್ಟಿಲ್ಡ್ ವಾಟರ್ ಹಾಕಬೇಕಿದ್ರ ಚಾರ್ಜಿಗೆ ಹಾಕೋಕಿಂತ ಮೊದಲ ಹಾಕು. ಪ್ಲೇಟ್ ಮುಳುಗುವಷ್ಟು ಇದ್ರ ಸಾಕು, ಉಳದದ್ದು ಚಾರ್ಜ್ ಆದ ಮ್ಯಾಲ ನೋಡಿ ಲೆವೆಲ್ ಮಾಡು, ಮತ್ತ ಅರ್ಧ ತಾಸು ಚಾರ್ಜ್ ಕೊಡು. ನೀರು ಹಾಕಿ ಹಂಗ ಚಳಿಯೊಳಗ ಇಟ್ರ ಆ ನೀರು ಆಸಿಡಿನ ಜೋಡಿ ಕೂಡದ ಮ್ಯಾಲೇ ನಿಂದರತೈತಿ. ನಿಂತ ನೀರು ಸೊನ್ನಿ ಡಿಗ್ರಿಗೇ ಬರ್ಫ. ತುಂಬಿದ ಬ್ಯಾಟರಿನೂ ಹಿಂಗ ಹಾಳು ಮಾಡಬಹುದು.

ಬೇಸ್‌ಮೆಂಟ್ ಲಾಕರ್ ಭಾಳ ಛಲೋ. ಮಗಿನ ಕೈಗೆ ಸಿಗಂಗಿಲ್ಲ, ಜಾಲರಿ ಐತಿ ಅಂದ್ರ ಗಾಳಿ ಆಡತೈತಿ. ಆದ್ರ ಚಾರ್ಜ್ ಮಾಡೋದು ಮುಚ್ಚಿದ ಖೋಲಿಯೊಳಗ ಬ್ಯಾಡ, ಬೆಂಕಿ ಹತ್ತಿರ ಬ್ಯಾಡ. ಚಾರ್ಜ್ ಕೊನೀಗೆ ಬಂದಂಗ ಹೈಡ್ರೋಜನ್ ಬಿಡತೈತಿ, ಒಂದು ಕಿಡಿ ಸಾಕು. ಸ್ನೇಹಿತನ ಶೆಡ್ಡಿನಾಗ ಕರೆಂಟ್ ಇದ್ದು ಸ್ವಲ್ಪ ಬೆಚ್ಚಗಿದ್ರ ಅಲ್ಲೇ ಮುಗಿಸು. 4 ಆಂಪಿಯರ್ ಚಾರ್ಜರ್ ಇದ್ರ ಒಂದು ರಾತ್ರಿ ಹಿಡೀತೈತಿ. ಆಮ್ಯಾಲ ಪ್ಲಾಸ್ಟಿಕ್ ಟ್ರೇ ಮ್ಯಾಲ ನೆಟ್ಟಗ ಇಟ್ಟು, ಪ್ಲಸ್ ಟರ್ಮಿನಲ್ ಮ್ಯಾಲ ಟೇಪ್ ಸುತ್ತು. ಮೂರು ತಿಂಗಳಿಗೆ 12.5ರ ಹತ್ತಿರ ಇಳದೀತು. ಏನೂ ತೊಂದ್ರಿ ಇಲ್ಲ. ಹಾಸನದ ಸಾಹೇಬ್ರ ಹಲಗಿ ಬೇಕಾದ್ರ ಇಡು, ಬ್ಯಾಡಾದ್ರ ಬಿಡು.

ಲಿಥಿಯಂ ನಮ್ಮ ಕಾಲಕ್ಕ ಫೌಜಿ ಗಾಡಿಗೆ ಇರಲಿಲ್ಲ. ಈಗ ಮಗನ ಗ್ಯಾರೇಜಿಗೆ ಬರೋ ಬೈಕಿನಾಗ ನೋಡೇನಿ, ಅದರ ನಿಯಮ ಉಲ್ಟಾ. ಪೂರ್ತಿ ತುಂಬಿಸಿ ಇಡಬ್ಯಾಡ, ಅರ್ಧಕ್ಕ ಇಡು. ತನ್ನಷ್ಟಕ್ಕ ಇಳಿಯೋದು ಭಾಳ ಕಡಿಮಿ, ಬಿಚ್ಚಿಟ್ಟು ಮರತುಬಿಡು. ಆದ್ರ ಸೊನ್ನಿ ಡಿಗ್ರಿಕಿಂತ ಕೆಳಗ ಇದ್ದಾಗ ಚಾರ್ಜ್ ಮಾತ್ರ ಕೊಡಬ್ಯಾಡ. ಒಳಗ ಲಿಥಿಯಂ ಲೋಹ ಆಗಿ ಕೂಡತೈತಿ, ಬ್ಯಾಟರಿ ಕೆಡತೈತಿ, ಒಳಗ ಶಾರ್ಟ್ ಆದ್ರೂ ಆತು. ಸೀಸದ ಬ್ಯಾಟರಿ ಚಾರ್ಜರ್‌ನಾಗ “ಡೀಸಲ್ಫೇಟ್” ಅಂತ ಒಂದು ಬಟನ್ ಇರತೈತಿ, ಅದನ್ನ ಇದಕ್ಕ ಹಚ್ಚಲೇಬ್ಯಾಡ. ಅದಕ್ಕಂತನ ಬ್ಯಾರೆ ಚಾರ್ಜರ್ ಸಿಗತಾವು.

ಎಡ್ಮಂಟನ್ ಅಕ್ಕ:

ಹವಾಲ್ದಾರ್ರೇ, ಒಂದು ಕುತೂಹಲ. ಅಲ್ಲಿ ಪ್ಲಗ್ ಕಂಬ ಎಲ್ಲ ಇರಲಿಲ್ಲವಲ್ಲ, ಬೆಳಿಗ್ಗೆ ಲಾರಿ ಸ್ಟಾರ್ಟ್ ಹೇಗೆ ಮಾಡುತ್ತಿದ್ದಿರಿ?

ಹವಾಲ್ದಾರ್ ಗದಗ:

ತಂಗಿ, ರಾತ್ರಿ ಬ್ಯಾಟರಿ ಬಿಚ್ಚಿ ಬುಖಾರಿ ಇರೋ ಖೋಲಿಗೆ ಹೊತ್ತೊಯ್ಯೋದು. ಸ್ಟಾಲಿಯನ್ ಲಾರಿ 24 ವೋಲ್ಟ್, ಎರಡೆರಡು ಬ್ಯಾಟರಿ ಒಂದಕ್ಕೊಂದು ಜೋಡಿಸಿರತಾವು. ಒಂದು ಸೋತ್ರ ಇನ್ನೊಂದನ್ನೂ ಎಳಕೊಂಡು ಹೋಗತೈತಿ, ಅದಕ್ಕ ಜೋಡಿ ಬಿಡಿಸದ ನಂಬರ್ ಹಾಕಿ ಇಡತಿದ್ವಿ. ಗಾಡಿ ನಿಲ್ಲಿಸೋದು ಇಳಿಜಾರಿನಾಗ. ಸೆಲ್ಫ್ ಹೊಡದು ನಡೀಲಿಲ್ಲ ಅಂದ್ರ ಇಳಿಜಾರಿಗೆ ಉರುಳಾಕ ಬಿಟ್ಟು ಗೇರಿಗೆ ಹಾಕೋದು.

ಆದ್ರ ಅರ್ಧ ತ್ರಾಸು ಬ್ಯಾಟರೀದು ಅಲ್ಲ, ಡೀಸಲ್‌ದು. ಚಳಿಗೆ ಡೀಸಲ್ ಮೇಣದಂಗ ಕಟ್ಟಿ ಫಿಲ್ಟರ್ ಬಂದ್ ಆಗೋದು. ಟ್ಯಾಂಕಿನ ಬುಡಕ್ಕ ಬೆಂಕಿ ಹಚ್ಚೋ ಡ್ರೈವರ್‌ಗಳೂ ಇದ್ರು, ನೋಡಿದ್ರ ಎದಿ ಝಲ್ ಅಂತಿತ್ತು. 2019ರ ನವೆಂಬರಿನಾಗ ಇಂಡಿಯನ್ ಆಯಿಲ್‌ನವ್ರು ಲಡಾಖಕ್ಕಂತನ ಚಳಿಗಾಲದ ಡೀಸಲ್ ತಂದ್ರು, ಮೈನಸ್ 33ರ ತನಕ ಹರೀತೈತಿ. ಅಷ್ಟೊತ್ತಿಗೆ ನಾ ಮನಿಗೆ ಬಂದಿದ್ದೆ.

ವಿನ್ನಿಪೆಗ್ ಮೈಸೂರಿಗ:

ಶನಿವಾರ ಸ್ನೇಹಿತನ ಶೆಡ್ಡಲ್ಲಿ ಹೀಟರ್ ಹಾಕಿ ಚಾರ್ಜ್ ಮಾಡಿದೆ. ಇವತ್ತು 12.66 ಇದೆ. ಲಿಥಿಯಂ ಬ್ಯಾಟರಿಯನ್ನೂ ಬಿಚ್ಚಿ ತಂದಿದ್ದೀನಿ. ಇನ್ನೆರಡು ಪ್ರಶ್ನೆ ಇದೆ, ಬೇಜಾರಾಗಬೇಡಿ. ಬ್ಯಾಟರಿ ಇಲ್ಲದೆ ಕಾರು ಲಾಕ್ ಮಾಡೋದು ಹೇಗೆ? ಮತ್ತೆ ಮಾರ್ಚಲ್ಲಿ ವಾಪಸ್ ಬಂದು ಹಾಕುವಾಗ ಏನಾದ್ರೂ ನೋಡ್ಕೋಬೇಕಾ?

ಎಡ್ಮಂಟನ್ ಅಕ್ಕ:

ರಿಮೋಟಿನ ಒಳಗೆ ಒಂದು ಸಣ್ಣ ಲೋಹದ ಕೀ ಅಡಗಿರುತ್ತದೆ, ಬದಿಯ ಗುಂಡಿ ಒತ್ತಿ ಎಳೆಯಿರಿ. ಅದರಲ್ಲಿ ಡ್ರೈವರ್ ಬಾಗಿಲು ಲಾಕ್ ಆಗುತ್ತದೆ. ಬಿಚ್ಚುವ ಮೊದಲೇ ಒಮ್ಮೆ ಹಾಕಿ ತಿರುಗಿಸಿ ನೋಡಿ, ವರ್ಷಗಟ್ಟಲೆ ಮುಟ್ಟದ ಬೀಗ ಚಳಿಗೆ ಹಿಡಿದುಕೊಂಡಿರುತ್ತದೆ. ಡಿಕ್ಕಿ ಕರೆಂಟಿನಲ್ಲೇ ತೆರೆಯುವಂಥದ್ದಾದರೆ ಪಾನಾ, ಜಂಪ್ ಕೇಬಲ್ ಅದರೊಳಗೆ ಇಡಬೇಡಿ. ವಾಪಸ್ ಬಂದಾಗ ಬೇಕಾಗುವುದು ಅದೇ. ಬ್ಯಾಟರಿ ಹಾಕಿದ ಮೇಲೆ ಗಡಿಯಾರ ಸರಿ ಮಾಡಬೇಕು, ಕಿಟಕಿ ಗಾಜು ಒಂದೇ ಒತ್ತಿಗೆ ಏರುವುದು ನಿಂತಿದ್ದರೆ ಪೂರ್ತಿ ಏರಿಸಿ ಬಟನ್ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಹಳೇ ರೇಡಿಯೋ ಆದರೆ ಕೋಡ್ ಕೇಳೀತು, ಈಗಲೇ ಮ್ಯಾನ್ಯುವಲ್ ನೋಡಿ ಬರೆದಿಟ್ಟುಕೊಳ್ಳಿ.

ಹವಾಲ್ದಾರ್ ಗದಗ:

ತಂಗಿ ಎಲ್ಲಾ ಹೇಳಿದಳು. ನಾ ಒಂದೇ ಕೂಡಸ್ತೀನಿ. ಯಾವುದೇ ಕಾರಣಕ್ಕ ಬ್ಯಾಟರಿ ಹೆಪ್ಪುಗಟ್ಟಿದಂಗ ಕಂಡ್ರ, ಅಂದ್ರ ಡಬ್ಬಿ ಬದಿ ಉಬ್ಬಿದ್ರ, ಅಲುಗಾಡಿಸಿದ್ರ ಒಳಗ ಏನೂ ಅಲುಗದಿದ್ರ, ಚಾರ್ಜರ್ ಹಚ್ಚಬ್ಯಾಡ, ಜಂಪ್ ಕೊಡಬ್ಯಾಡ. ಸಿಡೀತೈತಿ. ಬೆಚ್ಚಗಿನ ಜಾಗಾದಾಗ ಟ್ರೇದೊಳಗ ಇಟ್ಟು ಪೂರಾ ಕರಗಲಿ, ಸೀಳಿದ್ದು ಕಂಡ್ರ ಗುಜರಿಗೆ ಕೊಡು. ಬೀದಿಯೊಳಗ ನಿಂತ ಬ್ಯಾರೆಯವ್ರ ಗಾಡಿಗೆ ಜಂಪ್ ಕೊಡೋಕ ಹೋದಾಗೂ ಮೊದಲ ಇದನ್ನ ನೋಡು.

ನಿನ್ನ ಬ್ಯಾಟರಿಗೆ ಈಗ ಮೂರು ವರ್ಷ. ಮಾರ್ಚಿನಾಗ ಹಾಕಿದ ಮ್ಯಾಲ ಅಂಗಡಿಯಾಗ ಒಮ್ಮೆ ಸಿ.ಸಿ.ಎ. (ಚಳಿಯೊಳಗ ಸ್ಟಾರ್ಟ್ ಮಾಡೋ ತಾಕತ್ತು) ಟೆಸ್ಟ್ ಮಾಡಿಸು. ಮೈನಸ್ 18ರಾಗ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬೇಕು ಅಂತ ಲೇಬಲ್ಲಿನಾಗ ಅಂಕಿ ಇರತೈತಿ. ಅದಕ್ಕ ಭಾಳ ಕಡಿಮಿ ಬಂದ್ರ ಮುಂದಿನ ಚಳಿಗಾಲಕ್ಕ ಹೊಸಾದು ತಗೋ. ಮೈಸೂರಿಗೆ ಬಂದಾಗ ಹೊಸಾದು ಅಗ್ಗ ಐತಿ ಅಂತ ಇಲ್ಲಿಂದ ಒಯ್ಯೋ ವಿಚಾರ ಮಾಡಬ್ಯಾಡ. ಆಸಿಡ್ ಬ್ಯಾಟರಿ ವಿಮಾನದಾಗ ಬಿಡಂಗಿಲ್ಲ, ಮ್ಯಾಲ ನಮ್ಮ ಸೆಖೆಗೆ ಅಂತ ಮಾಡಿದ ಬ್ಯಾಟರಿಗೆ ಆಸಿಡ್ ತೆಳ್ಳಗ ಹಾಕಿರತಾರ.

ವಿನ್ನಿಪೆಗ್ ಮೈಸೂರಿಗ:

ಅಯ್ಯೋ, ಬ್ಯಾಟರಿ ಹೊತ್ಕೊಂಡು ಬರಲ್ಲ ಸರ್, ಸೂಟ್‌ಕೇಸಲ್ಲಿ ಮೈಸೂರುಪಾಕಿಗೇ ಜಾಗ ಸಾಲಲ್ಲ. ರೇಡಿಯೋ ಕೋಡ್ ಸಿಕ್ತು, ಡ್ಯಾಶ್‌ಬೋರ್ಡ್ ಡ್ರಾಯರಿನ ಒಳಬದಿಗೆ ಅಂಟಿಸಿದ್ರು. ಬಾಗಿಲಿನ ಬೀಗ ಮಾತ್ರ ನಿಜಕ್ಕೂ ಹಿಡ್ಕೊಂಡಿದೆ, ನಾಳೆ ಗ್ರಾಫೈಟ್ ಪುಡಿ ತಂದು ಹಾಕ್ತೀನಿ.